ಹದಿನಾಲ್ಕನೇ ಕಾರಿನ ಸೀಟು

ಆ ಕಾರು ನಮ್ಮ ಶಾಪಿಗೆ ಬಂದದ್ದು ಮಾರ್ಚ್ ತಿಂಗಳ ಒಂದು ಸೋಮವಾರ, ಮುಚ್ಚಿದ ಟ್ರೇಲರಿನಲ್ಲಿ. ಟ್ರೇಲರಿನ ಹಿಂದೆಯೇ ತನ್ನ ಗಾಡಿಯಲ್ಲಿ ಆ ಎಂಜಿನಿಯರ್ ಬಂದ. ಶಾಪಿನವರೆಲ್ಲ ಕಾರನ್ನು ನೋಡುತ್ತಾ ನಿಂತರು. ನಾನು ಅವನನ್ನು ನೋಡುತ್ತಾ ನಿಂತೆ. ಈ ಬರಹದಲ್ಲಿ ಅವನಿಗೆ ಬಹುವಚನ ಕೊಡುವುದಿಲ್ಲ. ಎದುರಿಗೆ ಕೊಟ್ಟಿದ್ದೇ ಸಾಕು.

ಶಾಪು ಮಿಶಿಗನ್ನಿನ ಕ್ಯಾಂಟನ್‌ನಿಂದ ಹತ್ತು ಮೈಲಿ. ಹಳೆಯ ಕಾರುಗಳನ್ನು ಬಿಚ್ಚಿ, ತುಕ್ಕು ತೆಗೆದು, ಹೊಸದಾಗಿದ್ದಾಗ ಹೇಗಿದ್ದವೋ ಹಾಗೆ ಮಾಡಿಕೊಡುವ ಜಾಗ. ಅಲ್ಲಿ ನಾನು ಸೀಟು ಹೊಲಿಯುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಮೈಸೂರಿನಲ್ಲಿ ಅಪ್ಪನ ಪಕ್ಕ ಕೂತು ಜಟಕಾಗಳಿಗೆ ಸೀಟು ಕಟ್ಟಲು ಕಲಿತವಳು ನಾನು. ಮಗಳ ಮನೆಗೆ ಬಂದ ಮೇಲೆ ಸುಮ್ಮನೆ ಕೂರಲಾಗದೆ ಇಲ್ಲಿ ಸೇರಿದೆ. ನೂರು ವರ್ಷ ಹಿಂದಿನ ಕಾರಿನ ಸೀಟು ಅಂದರೆ ಜಟಕಾ ಸೀಟೇ. ಮುಂದೆ ಕುದುರೆ ಇಲ್ಲ, ಅಷ್ಟೆ.

ಆ ಎಂಜಿನಿಯರ್ ಮೊದಲು ಕ್ಯಾಂಟನ್‌ನಲ್ಲೇ ಇದ್ದ. ಕಾರ್ ಕಂಪನಿಯಿಂದ ನಿವೃತ್ತಿಯಾದ ಮೇಲೆ ಮನೆಯ ಗ್ಯಾರೇಜಿನಲ್ಲಿ ಒಂದು ಹಳೆ ಕಾರು ಇಟ್ಟುಕೊಂಡು ಅದರ ಸೀಟನ್ನು ನನ್ನ ಕೈಗೆ ಕೊಟ್ಟಿದ್ದ. ಸೀಟಿಗೆ ತುಂಬುವ ಕುದುರೆ ಕೂದಲಿನ ಮೇಲೆ, ಚರ್ಮದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಲು ಹೇಳಿದ. ಬೆವರು ಒಳಗೆ ಇಳಿಯಬಾರದಂತೆ. ನಾನು ಬೇಡ ಅಂದೆ. ಕೂದಲಿಗೆ ಗಾಳಿ ಆಡದಿದ್ದರೆ ಕೊಳೆಯುತ್ತದೆ ಅಂದೆ. ಅವನು ಒಂದು ಕಾಗದದಲ್ಲಿ ಚಿತ್ರ ಬರೆದು, ಬಾಣ ಹಾಕಿ ನನಗೆ ಪಾಠ ಮಾಡಿದ. ಹಾಕಿದೆ. ಒಂದು ಬೇಸಿಗೆ ಕಳೆಯುವುದರೊಳಗೆ ಸೀಟು ಬೂಷ್ಟು ಹಿಡಿದು ನಾರಿತು. ಅದರ ಮುಂದಿನ ವರ್ಷ ಊರಿನ ಕನ್ನಡದವರ ಯುಗಾದಿ ಊಟಕ್ಕೆ ಇನ್ನೂರು ಜನ ತಟ್ಟೆ ಹಿಡಿದು ಸಾಲು ನಿಂತಿದ್ದಾಗ ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಜಟಕಾ ಸೀಟ್ ಹೊಲಿಯೋರ ಕೈಗೆ ಕೊಟ್ಟಿದ್ದು ನಂದೇ ತಪ್ಪು ಕಣ್ರೀ. ಸೀಟಿನ ಜೊತೆ ಕುದುರೆ ವಾಸ್ನೇನೂ ಫ್ರೀ ಕೊಟ್ಟಿದಾರೆ."

ಜನ ನಕ್ಕರು. ನನ್ನ ಕೈಯಲ್ಲಿ ಹೋಳಿಗೆ ಬಡಿಸುವ ಚಿಮಟ ಇತ್ತು. ಅವನ ತಟ್ಟೆಗೂ ಹೋಳಿಗೆ ಹಾಕಿದೆ. ಮಾರನೇ ವಾರ ಅವನು ನಮ್ಮ ಮಾಲೀಕನಿಗೂ ಒಂದು ಈಮೇಲ್ ಕಳಿಸಿದ. ಈ ಹೆಂಗಸಿಗೆ ಚರ್ಮದ ಕೆಲಸ ಬರುವುದಿಲ್ಲ, ನಿಮ್ಮ ಶಾಪಿನ ಹೆಸರು ಹಾಳಾಗುತ್ತದೆ ಅಂತ. ಮಾಲೀಕ ನನ್ನನ್ನು ಚರ್ಮದ ಮೇಜಿನಿಂದ ಎಬ್ಬಿಸಿ, ಕಾರಿನ ನೆಲಕ್ಕೆ ಕಾರ್ಪೆಟ್ ಅಂಟಿಸುವ ಕಡೆ ಹಾಕಿದ. ಐದು ವರ್ಷ ಕಾರ್ಪೆಟ್ ಅಂಟಿಸಿದೆ. ಗೋಂದಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ಪ್ರತಿ ಸಿಡಿತಕ್ಕೂ ಅವನ ಮುಖ ನೆನಪಾಗುತ್ತಿತ್ತು. ನನಗೆ ಚರ್ಮದ ಮೇಜು ವಾಪಸ್ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅಷ್ಟೇ ಜನರ ಮುಂದೆ ಅವನ ಮುಖ ಕೆಳಗಾಗುವುದು ಬೇಕಿತ್ತು.

ಈಗ ಅವನು ಶಿಕಾಗೊ ಕಡೆ, ಗ್ಲೆಂಡೇಲ್ ಹೈಟ್ಸ್‌ನಲ್ಲಿ ಇದ್ದಾನೆ. ಎಂಜಿನಿಯರ್ ಹೋಗಿ ಇತಿಹಾಸಕಾರ ಆಗಿದ್ದಾನೆ. ಆ ಕಾರಿನ ಬಗ್ಗೆ ಪುಸ್ತಕ ಬರೆದಿದ್ದಾನೆ. ಕಾರು ಶಿಕಾಗೊ ಹತ್ತಿರದ ಒಂದು ಸಣ್ಣ ಮ್ಯೂಸಿಯಂನದು, ಅವನು ಅದಕ್ಕೆ ಸಲಹೆಗಾರ.

ಕಾರಿನ ಕಥೆ ಇಷ್ಟು. ನೂರು ವರ್ಷಕ್ಕೂ ಹಿಂದೆ ಮಿಶಿಗನ್‌ನಲ್ಲಿ ಕುದುರೆಗಾಡಿ ಮಾಡುವ ಒಂದು ಕಾರ್ಖಾನೆ ಇತ್ತು. ಗಾಡಿಯ ಕಾಲ ಮುಗಿಯಿತು ಅಂತ ಗೊತ್ತಾದಾಗ ಅವರು ಫ್ರಾನ್ಸಿನ ಒಂದು ಕಾರ್ ಕಂಪನಿಯ ಹತ್ತಿರ ಲೈಸೆನ್ಸ್ ತೆಗೆದುಕೊಂಡರು. ಲೈಸೆನ್ಸ್ ಅಂದರೆ, ಅವರ ನಕ್ಷೆ ನೋಡಿ ಅವರದೇ ಕಾರನ್ನು ಇಲ್ಲಿ ಮಾಡಿ ಮಾರಲು ಅಪ್ಪಣೆ. ಕೆಲವು ವರ್ಷ ಮಾಡಿ ಮುಚ್ಚಿಹೋದರು. ಉಳಿದಿರುವುದು ಈ ಒಂದು ಕಾರು. ಎಂಜಿನಿಯರ್ ಪುಸ್ತಕದಲ್ಲಿ ಬರೆದಿದ್ದು ಏನೆಂದರೆ, ಈ ಕಾರ್ಖಾನೆಯವರು ಏನೂ ಮಾಡಲೇ ಇಲ್ಲ; ಮೈ, ಸೀಟು, ಎಲ್ಲ ಫ್ರಾನ್ಸಿನಿಂದ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬಂತು; ಇವರು ನಟ್ಟು ಬೋಲ್ಟು ಬಿಗಿದು ತಮ್ಮ ಹಿತ್ತಾಳೆ ಫಲಕ ಹೊಡೆದರು; ಗಾಡಿ ಕಟ್ಟುವವರ ಒರಟು ಕೈಗೆ ಅಂಥ ಕೆಲಸ ಬರುತ್ತಿರಲಿಲ್ಲ. ಬಿಡುಗಡೆಗೆ ಮೊದಲೇ ಅವನು ಶಾಪಿಗೆ ಕಳಿಸಿದ್ದ ಪ್ರತಿಯಲ್ಲಿ ಮಗಳು ಆ ಪುಟ ಓದಿ ಹೇಳಿದಾಗ ಇವನು ಬದಲಾಗಿಲ್ಲ ಅಂದುಕೊಂಡೆ.

ಸೋಮವಾರ ಅವನು ಸೀಟಿನ ಹರಿದ ಮೂಲೆಗೆ ಎರಡು ಬೆರಳು ತೂರಿಸಿ ಒಳಗಿನ ಕಪ್ಪು ಎಳೆಗಳನ್ನು ಎಳೆದು ನೋಡಿದ. ಮುಖ ಕಿವುಚಿದ. ಫ್ರಾನ್ಸಿನ ನಕ್ಷೆಯಲ್ಲಿ ಪೂರ್ತಿ ಕುದುರೆ ಕೂದಲು ಅಂತ ಇದೆ, ಇದು ಯಾವುದೋ ಹುಲ್ಲು, ಅಂದ. ಯಾರೋ ಬಡತನದ ಕಾಲದಲ್ಲಿ ಮಾಡಿಸಿದ ಅಗ್ಗದ ರಿಪೇರಿ, ತೆಗೆದು ಎಸೆಯಿರಿ, ಹೊಸದನ್ನು ಬೇರೆ ರಾಜ್ಯದ ಒಬ್ಬ ನಿಪುಣನ ಹತ್ತಿರ ನಕ್ಷೆ ಪ್ರಕಾರ ಮಾಡಿಸೋಣ, ಅಂತ ಮಾಲೀಕನಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ.

"ಓಹೋ, ಅಮ್ಮ ಇನ್ನೂ ಇಲ್ಲೇ ಇದೀರಾ? ಚೆನ್ನಾಗಿದೀರಾ? ಕಾರ್ಪೆಟ್ ಕೆಲ್ಸ ಹೇಗ್ ನಡೀತಿದೆ?"

"ನಿಮ್ಮ ದಯ ಸಾರ್. ಚೆನ್ನಾಗಿ ಅಂಟ್ತಿದೆ."

ನನ್ನ ಜಾಗಕ್ಕೆ ಬಂದಿದ್ದ ಚರ್ಮದ ಕೆಲಸದವನಿಗೆ ಆಗಷ್ಟೇ ಭುಜದ ಆಪರೇಶನ್ ಆಗಿತ್ತು. ಬಿಚ್ಚಿ ಎಸೆಯುವುದಕ್ಕೆ ಯಾರಾದರೇನು ಅಂತ ಮಾಲೀಕ ಸೀಟನ್ನು ನನಗೆ ಕೊಟ್ಟ.

ಮಂಗಳವಾರ ಕೂತೆ. ಅಪ್ಪ ಸೀಟು ಬಿಚ್ಚುವಾಗ ಹೊಲಿದ ಕ್ರಮಕ್ಕೆ ತಿರುಗುಮುರುಗಾಗಿ ಬಿಚ್ಚುತ್ತಿದ್ದ. ಕೊನೆಗೆ ಹೊಡೆದ ಮೊಳೆ ಮೊದಲು. ಎಸೆಯುವ ಸೀಟಾದರೂ ಹಾಗೆಯೇ. ನನಗೂ ಬೇರೆ ರೀತಿ ಬರುವುದಿಲ್ಲ. ಹಿಂಬದಿಯ ಮೊಳೆ, ಪಕ್ಕದವು, ಮುಂದಿನವು. ಚರ್ಮ ಕೈಗೆ ತಗುಲಿದ ಕಡೆಯೆಲ್ಲ ಕೆಂಪು ಪುಡಿ ಉದುರುತ್ತಿತ್ತು. ಚರ್ಮದ ಕೆಳಗೆ ತೆಳು ಹತ್ತಿ. ಹತ್ತಿಯ ಕೆಳಗೆ ಬೆರಳಿನಷ್ಟು ದಪ್ಪ ಕುದುರೆ ಕೂದಲು. ಅದರ ಕೆಳಗೆ ಒಂದು ಗೇಣು ಆ ಕಪ್ಪು ಎಳೆ. ಆಮೇಲೆ ಗೋಣಿ, ಸ್ಪ್ರಿಂಗು, ಸ್ಪ್ರಿಂಗ್ ಹೊತ್ತ ಅಗಲ ಪಟ್ಟಿಗಳು, ಕಡೆಗೆ ಮರದ ಚೌಕಟ್ಟು. ಒಂದೊಂದು ಪದರವನ್ನೂ ಹಳೇ ಬೆಡ್‌ಶೀಟಿನಲ್ಲಿ ಬೇರೆ ಬೇರೆ ಗಂಟು ಕಟ್ಟಿದೆ, ಮೊಳೆಗಳಿಗೂ ಒಂದು.

ಬುಧವಾರ ಆ ಕಪ್ಪು ಎಳೆಯಲ್ಲಿ ಒಂದನ್ನು ಕಡ್ಡಿ ಗೀರಿ ಸುಟ್ಟೆ. ಕುದುರೆ ಕೂದಲು ಸುಟ್ಟರೆ ತಲೆಕೂದಲು ಸುಟ್ಟ ಕಮಟು. ಇದು ಒಣ ಎಲೆ ಸುಟ್ಟ ಹಾಗೆ ಬಂತು. ನನಗೆ ಅನುಮಾನವಿದ್ದದ್ದೇ ಸರಿಯಾಯಿತು. ಈ ದೇಶದ ದಕ್ಷಿಣದಲ್ಲಿ ಮರಗಳಿಂದ ಗಡ್ಡದ ಹಾಗೆ ಇಳಿಬೀಳುವ ಒಂದು ಗಿಡ ಇದೆ. ಅದನ್ನು ಕೊಳೆಹಾಕಿ ಒಣಗಿಸಿದರೆ ಒಳಗಿನ ಕಪ್ಪು ನಾರು ಉಳಿಯುತ್ತದೆ. ಇಲ್ಲಿಯ ಹಳೆ ಗಾಡಿಗಳ ಸೀಟಿನಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೇನೆ. ನಮ್ಮಪ್ಪ ತೆಂಗಿನ ನಾರು ತುಂಬಿ ಮೇಲೆ ಮಾತ್ರ ಕುದುರೆ ಕೂದಲು ಹಾಸುತ್ತಿದ್ದ ಹಾಗೆ ಇವರು ಮರದ ಗಡ್ಡ ತುಂಬಿ ಮೇಲೆ ಕೂದಲು ಹಾಸಿದ್ದರು. ನಕ್ಷೆಯಲ್ಲಿ ಏನಿದ್ದರೂ ಕೆಲಸಗಾರ ತನ್ನೂರಲ್ಲಿ ಸಿಕ್ಕಿದ್ದನ್ನು ತುಂಬುತ್ತಾನೆ. ಫ್ರಾನ್ಸಿನವರಿಗೆ ಈ ಗಡ್ಡ ಎಲ್ಲಿಂದ ಬರಬೇಕು?

ಆದರೆ ಎಂಜಿನಿಯರನೂ ಅದನ್ನೇ ಹೇಳುತ್ತಿದ್ದ: ಇಲ್ಲಿಯವರೇ ತುಂಬಿದ್ದು, ಆದರೆ ಬಹಳ ಆಮೇಲೆ, ರಿಪೇರಿಯಲ್ಲಿ. ಆದ್ದರಿಂದ ಚೌಕಟ್ಟನ್ನು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡು ಮೊಳೆ ತೂತು ಎಣಿಸಿದೆ. ಒಂದು ಸೀಟನ್ನು ಎರಡನೇ ಸಲ ಹೊಲಿದರೆ ಮೊದಲನೇ ಸಲದ ತೂತುಗಳು ಮರದಲ್ಲಿ ಉಳಿಯುತ್ತವೆ. ಹಳೇ ತೂತಿಗೇ ಹೊಡೆದರೆ ಮೊಳೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಹೊಡೆಯಬೇಕು. ಮೂರು ಸಲ ಹೊಲಿದ ಸೀಟಿನ ಮರ ಜರಡಿಯಾಗಿರುತ್ತದೆ. ಈ ಮರದಲ್ಲಿ ನಾನು ಕಿತ್ತ ಮೊಳೆ ಎಷ್ಟೋ ಅಷ್ಟೇ ತೂತು. ಒಂದೂ ಹೆಚ್ಚಿಲ್ಲ. ಈ ಸೀಟನ್ನು ಒಂದೇ ಒಂದು ಸಲ ಹೊಲಿದಿದ್ದಾರೆ. ರಿಪೇರಿ ಅನ್ನುವುದು ಆಗೇ ಇಲ್ಲ.

ಹೋಗಿ ಮಾಲೀಕನನ್ನು ಕರೆದು ತೋರಿಸಿದೆ. ನನ್ನ ಇಂಗ್ಲಿಷು ಅವನಿಗೆ ಅರ್ಧ, ಅವನದು ನನಗೆ ಅರ್ಧ, ಆದರೆ ತೂತು ತೂತೇ. ಅವನು ತಲೆ ಕೆರೆದುಕೊಂಡು ಎಂಜಿನಿಯರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಎಂಜಿನಿಯರ್ ಅವನ ಹತ್ತಿರ ಇಂಗ್ಲಿಷಿನಲ್ಲಿ ನಕ್ಕು ಮಾತಾಡಿ, ಆಮೇಲೆ ಕನ್ನಡಕ್ಕೆ ಬಂದ.

"ಅಮ್ಮಾ, ಕೇಳಿಸ್ತಿದೆಯಾ? ತೂತು ಎಣ್ಸಿ ಹಿಸ್ಟರಿ ಬರೆಯಕ್ಕಾಗಲ್ಲ. ನನ್ ಹತ್ರ ಡ್ರಾಯಿಂಗ್ ಇದೆ, ಲೈಸೆನ್ಸ್ ಅಗ್ರಿಮೆಂಟ್ ಕಾಪಿ ಇದೆ. ನಿಮ್ ಹತ್ರ ಏನಿದೆ?"

"ಸೀಟಿದೆ ಸಾರ್."

"ಅದನ್ನ ಬಿಚ್ಚಿ ಬಿಸಾಕಿ ಅಂತ ತಾನೆ ಹೇಳಿದ್ದು? ಅಷ್ಟ್ ಮಾಡಿ ಸಾಕು. ತಲೆ ಕೆಡಿಸ್ಕೋಬೇಡಿ, ಪಾಪ."

ಆ 'ಪಾಪ' ಅನ್ನುವ ಮಾತಿಗೆ ನನಗೆ ಯುಗಾದಿಯ ದಿನಕ್ಕಿಂತ ಹೆಚ್ಚು ಉರಿಯಿತು.

ಗುರುವಾರ ಬೆಳಗ್ಗೆ ಚೌಕಟ್ಟಿನ ಮುಂದಿನ ಹಲಗೆಯ ಮೇಲೆ ಇನ್ನೂ ಉಳಿದಿದ್ದ ಕೊನೆಯ ಪಟ್ಟಿ ಕಿತ್ತೆ. ಅದನ್ನು ಕೀಳುವ ಅಗತ್ಯ ಇರಲಿಲ್ಲ, ಚೌಕಟ್ಟಿನ ಸಮೇತ ಎಸೆಯಬಹುದಿತ್ತು. ಆದರೆ ಅಪ್ಪನಿಗೆ ಒಂದು ಅಭ್ಯಾಸವಿತ್ತು. ರಿಪೇರಿಗೆ ಒಟ್ಟಿಗೆ ಆರೇಳು ಜಟಕಾಗಳ ಸೀಟು ಬಂದರೆ ಅದಲುಬದಲಾಗುತ್ತವೆ. ಒಂದು ಜಟಕಾದ ಸೀಟು ಇನ್ನೊಂದಕ್ಕೆ ಕೂರುವುದಿಲ್ಲ. ಹಾಗಾಗಿ ಪಟ್ಟಿ ಹೊಡೆಯುವ ಮೊದಲು ಮುಂದಿನ ಹಲಗೆಯ ಮೇಲೆ ಆ ಜಟಕಾದ ಲೈಸೆನ್ಸ್ ನಂಬರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಪಟ್ಟಿ ಅದನ್ನು ಮುಚ್ಚಿಕೊಳ್ಳುತ್ತಿತ್ತು. ಒಂದು ಕಾರ್ಖಾನೆಯಲ್ಲಿ ಸಾಲಾಗಿ ಸೀಟು ಕಟ್ಟುವವರೂ ಹೀಗೆ ಮಾಡಿರಲೇಬೇಕು ಅನ್ನಿಸಿತು.

ಪಟ್ಟಿಯ ಅಡಿ ಮರ ಹೊಸದರ ಹಾಗೆ ಬೆಳ್ಳಗಿತ್ತು. ಅದರ ಮೇಲೆ ದಪ್ಪ ಪೆನ್ಸಿಲಿನಲ್ಲಿ ೧೪ ಅಂತ ಬರೆದಿತ್ತು, ಇಂಗ್ಲಿಷ್ ಅಂಕಿಯಲ್ಲಿ. ಅದರ ಪಕ್ಕ ಮೂರು ಇಂಗ್ಲಿಷ್ ಶಬ್ದ. ಅಕ್ಷರ ಕೂಡಿಸಿ ಓದಿದೆ: ಎಡಗಡೆ ಬಿಗಿ ಮಾಡು ಅಂತ. ಹಲಗೆಯ ಎಡಗಡೆ ಕಾಲು ಇಂಚು ಸಡಿಲ ಇತ್ತು. ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಬರೆದಿಟ್ಟ ಮಾತು.

ಟಾರ್ಚ್ ತೆಗೆದುಕೊಂಡು ಮಂಡಿ ಊರಿ ಕಾರಿನ ಅಡಿಗೆ ಬಗ್ಗಿದೆ. ಎದ್ದೇಳುವುದು ಹೇಗೆ ಅಂತ ಆಮೇಲೆ ಯೋಚಿಸಿದರಾಯಿತು. ಮಿಶಿಗನ್ ಕಾರ್ಖಾನೆಯ ಹಿತ್ತಾಳೆ ಫಲಕದಲ್ಲಿ ಕಾರಿನ ನಂಬರು ಹೊಡೆದಿತ್ತು. ಬೆರಳಿನಿಂದ ಎಣ್ಣೆಜಿಡ್ಡು ಒರೆಸಿದೆ. ಹದಿನಾಲ್ಕು.

ಅಲ್ಲೇ ನೆಲದ ಮೇಲೆ ಕೂತು ಲೆಕ್ಕ ಹಾಕಿದೆ. ಫ್ರಾನ್ಸಿನಲ್ಲಿ ಸೀಟು ಕಟ್ಟಿದ್ದರೆ, ಮಿಶಿಗನ್ನಿನಲ್ಲಿ ಇದು ಎಷ್ಟನೇ ಕಾರಾಗುತ್ತದೆ ಅಂತ ಅಲ್ಲಿಯವನಿಗೆ ಗೊತ್ತಿರುವುದಿಲ್ಲ. ಇಲ್ಲಿಗೆ ಬಂದ ಮೇಲೆ ನಂಬರು ಬರೆಯೋಣ ಅಂದರೆ ಪಟ್ಟಿ ಕೀಳಬೇಕಿತ್ತು. ಕಿತ್ತಿದ್ದರೆ ಇನ್ನೊಂದು ಸಾಲು ತೂತು ಇರಬೇಕಿತ್ತು. ಇಲ್ಲ. ಈ ಸೀಟನ್ನು ಇಲ್ಲೇ, ಈ ಕಾರಿಗೇ, ಗಾಡಿ ಕಟ್ಟುವವರು ಕಟ್ಟಿದ್ದು. ಒರಟು ಕೈ ಅಂತ ಅವನು ಬರೆದಿದ್ದನಲ್ಲ, ಅದೇ ಕೈ.

ಅವನಿಗೆ ಫೋನ್ ಮಾಡಿ ಹೇಳಿದ್ದರೆ ಏನಾಗುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಓಡಿಬಂದು ಫೋಟೋ ಹೊಡೆದು, 'ನಾನು ಕಂಡುಹಿಡಿದೆ' ಅಂತ ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಸೇರಿಸುತ್ತಿದ್ದ. ತೂತಿನ ವಿಷಯವನ್ನು ನಾನು ಕರೆದು ಹೇಳಿದ್ದೆ. ಕೇಳದವನಿಗೆ ಎರಡನೇ ಸಲ ಹೇಳುವ ಋಣ ನನಗಿಲ್ಲ. ಆ ಹಲಗೆಯನ್ನು ಚೌಕಟ್ಟಿನಿಂದ ಬಿಚ್ಚಿ, ಬಟ್ಟೆ ಸುತ್ತಿಟ್ಟು ಮಾಲೀಕನ ಹತ್ತಿರ ಹೋದೆ. ಮ್ಯೂಸಿಯಂ ಸಾಮಾನು, ಬರಹದಲ್ಲಿ ಅಪ್ಪಣೆ ಇಲ್ಲದೆ ಎಸೆದರೆ ನಾಳೆ ನಿನ್ನ ತಲೆಗೆ ಬರುತ್ತದೆ, ಅಂದೆ. ಮಾಲೀಕನಿಗೆ ಆ ಮಾತು ಹಿಡಿಸಿತು.

ಶನಿವಾರ ಎಂಜಿನಿಯರ್ ಇಷ್ಟು ದೂರ ಡ್ರೈವ್ ಮಾಡಿಕೊಂಡು ಬಂದ. ಸಹಿ ಹಾಕುವುದು ಅಂದರೆ ಅವನಿಗೆ ಖುಷಿ. ಇಂಗ್ಲಿಷಿನಲ್ಲಿ ಒಂದು ಪುಟ ಬರೆದ: ಸೀಟು ಮೂಲದ್ದಲ್ಲ, ಇತಿಹಾಸದ ಬೆಲೆ ಏನೂ ಇಲ್ಲ, ನಾನು ಸ್ವತಃ ಪರೀಕ್ಷಿಸಿದ್ದೇನೆ, ಎಸೆಯಬಹುದು. ತಾರೀಖು ಹಾಕಿ, ಹೆಸರಿನ ಕೆಳಗೆ ಗೆರೆ ಎಳೆದ.

"ಸ್ವತಃ ನೋಡಿದೀನಿ ಅಂತ ಬರೆದ್ರಾ ಸಾರ್?" ಅಂತ ಕೇಳಿದೆ.

"ಹ್ಞೂಂ. ಸೋಮವಾರ ನೋಡಿದ್ನಲ್ಲ."

"ಇನ್ನೊಂದ್ಸಲ ನೋಡ್ತೀರಾ? ಬಿಚ್ಚಿಟ್ಟಿದೀನಿ."

ಅವನು ವಾಚ್ ನೋಡಿಕೊಂಡ. "ಕಸ ಏನ್ ನೋಡೋದಮ್ಮಾ."

ಬಟ್ಟೆ ಸುತ್ತಿದ ಹಲಗೆ ಅವನ ಮೊಣಕೈಯಿಂದ ಒಂದು ಅಡಿ ದೂರದಲ್ಲಿತ್ತು. ಅವನು ಎತ್ತಲಿಲ್ಲ. ನಾನೂ ಎತ್ತಿ ತೋರಿಸಲಿಲ್ಲ. ಅವನು ಹೊರಡುವ ಮುಂಚೆ ಮಾಲೀಕನ ಕೈಗೆ ಒಂದು ಆಹ್ವಾನ ಪತ್ರಿಕೆ ಕೊಟ್ಟ. ಮುಂದಿನ ವಾರ ಬಿಟ್ಟು ಅದರಾಚೆ ಭಾನುವಾರ ಶಿಕಾಗೊ ಪಕ್ಕದ ಶಾಮ್‌ಬರ್ಗ್‌ನಲ್ಲಿ ಪುಸ್ತಕ ಬಿಡುಗಡೆ. ಅಲ್ಲಿಯ ಕನ್ನಡದವರೂ ಬರುತ್ತಾರೆ, ಮ್ಯೂಸಿಯಂನವರೂ ಬರುತ್ತಾರೆ. ನನಗೂ ಒಂದು ಕೊಟ್ಟ. "ಬನ್ನಿ ಅಮ್ಮ, ಊಟ ಇದೆ" ಅಂದ.

ಮನೆಯಲ್ಲಿ ಮಗಳಿಗೆ ಹೇಳಿದೆ. ಅವಳು ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಯಾರಿಗೂ ನೋವಾಗಬಾರದು ಅನ್ನುವ ಜಾತಿ.

"ಅಮ್ಮ, ಇದು ಚೀಟಿಂಗ್ ತರ ಅನ್ಸಲ್ವಾ ನಿಂಗೆ? ಈಗ್ಲೇ ಹೇಳ್ಬಿಡು. ನೀನೇ ದೊಡ್ಡೋಳಾಗ್ತೀಯ."

"ನಾನು ದೊಡ್ಡೋಳಾಗಿ ಬಹಳ ವರ್ಷ ಆಯ್ತು. ಅವನು ಚಿಕ್ಕೋನಾಗೋದನ್ನ ನೋಡ್ಬೇಕು."

"ಐದ್ ವರ್ಷ ಹಿಂದಿನ್ ಮಾತು ಅಮ್ಮ!"

"ಐದ್ ವರ್ಷ ಗೋಂದು ಮೂಸಿದ್ದು ನಿನ್ ಮೂಗಲ್ಲ."

ನನ್ನ ಲೆಕ್ಕವೆಲ್ಲ ಕೆಡುವ ಹಾಗಾದದ್ದು ಮುಂದಿನ ಗುರುವಾರ. ಬೆಳಗ್ಗೆ ಶಾಪಿಗೆ ಹೋದರೆ ನನ್ನ ಮೂಲೆ ಗುಡಿಸಿ ಚೊಕ್ಕಟವಾಗಿತ್ತು. ಮಾಲೀಕ ಸಹಿಯಾಯಿತಲ್ಲ ಅಂತ ಬೆಡ್‌ಶೀಟ್ ಗಂಟುಗಳನ್ನೆಲ್ಲ ಹೊರಗಿನ ದೊಡ್ಡ ಕಸದ ಪೆಟ್ಟಿಗೆಗೆ ಹಾಕಿದ್ದ. ಹಲಗೆ ಮತ್ತು ಚೌಕಟ್ಟಿನ ಉಳಿದ ಮರ ಮಾತ್ರ ನನ್ನ ಹೊಲಿಗೆ ಮಷೀನಿನ ಕೆಳಗಿದ್ದವು. ಕಸದ ಲಾರಿ ಗುರುವಾರವೇ ಬರುವುದು. ಹಲಗೆ ಒಂದೇ ಇದ್ದರೆ ಸಾಲದು. ಪಟ್ಟಿ, ಮೊಳೆ, ಮರದ ಗಡ್ಡ ಇಲ್ಲದಿದ್ದರೆ ಇವಳೇ ಪೆನ್ಸಿಲಿನಲ್ಲಿ ಬರೆದಳು ಅನ್ನುತ್ತಾನೆ.

ಒಂದು ಬಕೆಟ್ ಕವುಚಿ ಹಾಕಿ, ಅದರ ಮೇಲೆ ಹತ್ತಿ ಪೆಟ್ಟಿಗೆಯೊಳಗೆ ಇಳಿದೆ. ಹೊರಗೆ ಇಪ್ಪತ್ತೆಂಟು ಡಿಗ್ರಿ ಫ್ಯಾರನ್ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಕಾಲಡಿ ಬಣ್ಣದ ಡಬ್ಬ, ತುಕ್ಕಿನ ತಗಡು, ಯಾರೋ ತಿಂದು ಬಿಟ್ಟ ಪಿಜ್ಜಾ. ಎಂಟು ಗಂಟಲ್ಲಿ ಏಳು ಸಿಕ್ಕವು. ಎಂಟನೆಯದು ಮೊಳೆಗಳದ್ದು. ಅದಕ್ಕಾಗಿ ಬಗ್ಗಿ ಕೈ ಆಡಿಸುತ್ತಿದ್ದಾಗ ಮೇಲಿನಿಂದ ಮಾಲೀಕನ ಮುಖ ಕಾಣಿಸಿತು.

ನೀನು ಅಲ್ಲಿ ಏನು ಮಾಡುತ್ತಿದ್ದೀಯ ಅಂತ ಕೇಳಿದ.

ಮೊಳೆ ಹುಡುಕುತ್ತಿದ್ದೇನೆ, ಮೊದಲು ನನ್ನನ್ನು ಎತ್ತು, ಅಂದೆ.

ಎತ್ತಿದ ಮೇಲೆ ಹೇಳಲೇಬೇಕಾಯಿತು. ಹಲಗೆ ತೋರಿಸಿದೆ, ಕಾರಿನ ಫಲಕ ತೋರಿಸಿದೆ. ಅವನು ನಲವತ್ತು ವರ್ಷ ಹಳೆ ಕಾರು ನೋಡಿದವನು. ಎರಡನೇ ಸಲ ವಿವರಿಸಬೇಕಾಗಲಿಲ್ಲ. ಮುಖ ಬಿಳಚಿಕೊಂಡಿತು. ಆ ಕಾಗದದಲ್ಲಿ ಎಂಜಿನಿಯರನ ಸಹಿ ಇಲ್ಲದಿದ್ದರೆ ಮ್ಯೂಸಿಯಂನವರು ತನ್ನ ಶಾಪನ್ನು ಏನು ಮಾಡುತ್ತಿದ್ದರು ಅಂತ ಅವನು ಯೋಚಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮ್ಯೂಸಿಯಂನವರಿಗೆ ಈಗಲೇ ಫೋನ್ ಮಾಡುತ್ತೇನೆ ಅಂದ. ನಾನು ಅಡ್ಡ ನಿಂತೆ. ಸೀಟು ಎಲ್ಲೂ ಹೋಗಿಲ್ಲ, ಪುಸ್ತಕ ಬಿಡುಗಡೆಯ ಭಾನುವಾರದವರೆಗೆ ನನ್ನದು, ಅಂದೆ. ಎಂಜಿನಿಯರನ ಈಮೇಲ್ ನಂಬಿ ನನ್ನನ್ನು ಕಾರ್ಪೆಟಿಗೆ ಹಾಕಿದೆಯಲ್ಲ, ಅದಕ್ಕೆ ನನಗೆ ಇಷ್ಟು ಕೊಡು, ಅಂದೆ. ಅವನು ಫೋನನ್ನು ಜೇಬಿಗೆ ಹಾಕಿದ. ಆಮೇಲೆ ತಾನೇ ಪೆಟ್ಟಿಗೆಗೆ ಇಳಿದು ಮೊಳೆಗಳ ಗಂಟು ಹುಡುಕಿ ಕೊಟ್ಟ. ನೀನು ಅಪಾಯದ ಮುದುಕಿ ಅಂತ ಹೇಳಿ ಕೈ ತೊಳೆಯಲು ಹೋದ.

ಬಿಡುಗಡೆಯ ಭಾನುವಾರ ಬೆಳಗ್ಗೆ ಮಗಳು ಡ್ರೈವ್ ಮಾಡಿದಳು. ಹಲಗೆ, ಗಂಟುಗಳು ಹಿಂದಿನ ಸೀಟಿನಲ್ಲಿ. ಇಂಡಿಯಾನಾದ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಮೊಸರನ್ನ ತಿಂದೆವು. ಅಲ್ಲಿಂದ ಶಿಕಾಗೊ ಸಮಯ, ಗಡಿಯಾರ ಒಂದು ಗಂಟೆ ಹಿಂದೆ ಹೋಗಿತ್ತು.

"ನೋಡಮ್ಮ, ಇನ್ನೂ ಒಂದ್ ಗಂಟೆ ಸಿಕ್ಕಿದೆ. ಫೋನ್ ಮಾಡಿ ಹೇಳ್ಬಿಡು."

"ಅವನು ಫೋನ್ ಮಾಡಿ ಹೇಳಿ ನಗಿಸಿದ್ನಾ ಜನಾನ?"

ಅವಳು ಡಬ್ಬಿ ಮುಚ್ಚಿದಳು. ಮುಂದೆ ಶಾಮ್‌ಬರ್ಗ್ ಎಕ್ಸಿಟ್ ಬರುವವರೆಗೂ ಎಲ್ಲೂ ನಿಲ್ಲಿಸದೆ ಓಡಿಸಿದಳು.

ಸಭಾಂಗಣದಲ್ಲಿ ನೂರೈವತ್ತು ಜನ ಇದ್ದರು. ಕ್ಯಾಂಟನ್‌ನಿಂದಲೂ ಎರಡು ಮೂರು ಸಂಸಾರ ಬಂದಿತ್ತು. ಯುಗಾದಿ ಸಾಲಿನಲ್ಲಿ ನಕ್ಕವರು. ನನಗೆ ಅದು ಸಾಕಿತ್ತು. ಮೊದಲ ಸಾಲಿನಲ್ಲಿ ಮ್ಯೂಸಿಯಂ ನೋಡಿಕೊಳ್ಳುವ ಅಮೆರಿಕದ ಹೆಂಗಸು ಕೂತಿದ್ದಳು, ನಲವತ್ತೈದು ವರ್ಷದವಳು, ಕೈಯಲ್ಲಿ ನೋಟ್‌ಬುಕ್ಕು. ನಮ್ಮ ಮಾಲೀಕ ಅವಳ ಪಕ್ಕದಲ್ಲೇ ಕೂತು ಬೆವರುತ್ತಿದ್ದ.

ಎಂಜಿನಿಯರ್ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಒಂದು ಗಂಟೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಸುಳ್ಳು ಹೇಳಬಾರದು. ಲೈಸೆನ್ಸ್ ಕಾಗದ ಪರದೆಯ ಮೇಲೆ ತೋರಿಸಿದ. ನಕ್ಷೆ ತೋರಿಸಿದ. ಆಮೇಲೆ ನಮ್ಮ ಸೀಟಿನ ಚಿತ್ರ ಬಂತು, ಹರಿದ ಮೂಲೆಯಿಂದ ನಾರು ಇಣುಕುತ್ತಾ.

"ಇದೊಂದು ಕಾಮಿಡಿ," ಅಂದ. "ಯಾರೋ ಹುಲ್ಲು ತುಂಬಿಟ್ಟಿದಾರೆ. ರೆಸ್ಟೊರೇಶನ್ ಶಾಪಿನೋರು ಇದೇ ಒರಿಜಿನಲ್ ಅಂತ ನನ್ ಜೊತೆ ವಾದ ಮಾಡಿದ್ರು! ನಾನು ಎಕ್ಸಾಮಿನ್ ಮಾಡಿ ಎಸೀರಿ ಅಂದೆ."

ಜನ ನಕ್ಕರು. ಅದೇ ನಗು. ಪ್ರಶ್ನೆ ಕೇಳಬಹುದು ಅಂದಾಗ ನಾನು ಎದ್ದೆ. ಮಗಳು ಸೆರಗು ಹಿಡಿದು ಎಳೆಯಲು ನೋಡಿದಳು, ಆಮೇಲೆ ಬಿಟ್ಟು, ತಾನೇ ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡಳು.

"ಸಾರ್, ಕಾರ್ಪೆಟ್ ಅಂಟಿಸೋಳು ನಾನು. ಒಂದೇ ಪ್ರಶ್ನೆ. ಇದು ಎಷ್ಟನೇ ಕಾರು?"

"ಹದಿನಾಲ್ಕನೇದು ಅಮ್ಮ. ಹೇಳಿದ್ನಲ್ಲ."

"ಫ್ರಾನ್ಸಿನೋರಿಗೆ ಅದು ಮೊದ್ಲೇ ಗೊತ್ತಿತ್ತಾ?"

ಹಲಗೆಯ ಬಟ್ಟೆ ಬಿಚ್ಚಿ ಮ್ಯೂಸಿಯಂ ಹೆಂಗಸಿನ ಮುಂದಿನ ಮೇಜಿನ ಮೇಲಿಟ್ಟೆ. ಪಟ್ಟಿಯನ್ನು ಅದರ ಮೇಲೆ ಇಟ್ಟು, ಒಂದೊಂದೇ ಮೊಳೆಯನ್ನು ಅದರ ತೂತಿಗೆ ಇಳಿಸಿದೆ. ಪಟ್ಟಿ ನಂಬರನ್ನು ಪೂರ್ತಿ ಮುಚ್ಚಿತು. ತೆಗೆದೆ. ನಂಬರು ಕಾಣಿಸಿತು. ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ಧ್ವನಿ ಬರಬರುತ್ತಾ ನನಗಿಂತ ಜೋರಾಯಿತು. ಮರದ ಗಡ್ಡದ ಗಂಟು ಬಿಚ್ಚಿ ಪಕ್ಕಕ್ಕಿಟ್ಟೆ. ಕೊನೆಗೆ ಎಂಜಿನಿಯರ್ ಗೆರೆ ಎಳೆದು ಸಹಿ ಮಾಡಿದ, ಮಾಲೀಕನಿಂದ ಕೇಳಿ ತಂದಿದ್ದ ಪುಟ ಇಟ್ಟೆ.

ಹೆಂಗಸು ಭೂತಗನ್ನಡಿ ತರಿಸಿದಳು. ಹಲಗೆಯ ಅಂಚನ್ನು ತುದಿಯಿಂದ ತುದಿಗೆ ನೋಡಿದಳು. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಆಮೇಲೆ ಅವನ ಕಾಗದವನ್ನು ಓದಿದಳು, ಮನಸ್ಸಿನಲ್ಲಿ ಓದಿಕೊಳ್ಳಲಿಲ್ಲ, ಜೋರಾಗಿ ಓದಿದಳು. 'ಸ್ವತಃ ಪರೀಕ್ಷಿಸಿದ್ದೇನೆ' ಅನ್ನುವಲ್ಲಿ ನಿಲ್ಲಿಸಿ ಅವನ ಕಡೆ ನೋಡಿದಳು.

ಅವನು ಗಟ್ಟಿ ಆಸಾಮಿ. ಮೈಕಿನ ಹತ್ತಿರ ಬಂದು, ಸಂಶೋಧನೆ ಅಂದರೆ ಹೀಗೆಯೇ ಮುಂದೆ ಹೋಗುತ್ತಾ ಇರುತ್ತದೆ, ನಮ್ಮ ತಂಡ ಇವತ್ತು ಒಂದು ಹೊಸ ವಿಷಯ ಕಂಡುಹಿಡಿದಿದೆ, ಅಂದ.

"ನಮ್ಮ ತಂಡ ಅಲ್ಲ ಸಾರ್," ಅಂದೆ. "ನಾನು. ನೀವು ಎಸೀರಿ ಅಂದ್ರಿ."

ಈ ಸಲ ಯಾರೂ ನಗಲಿಲ್ಲ. ಕ್ಯಾಂಟನ್‌ನಿಂದ ಬಂದ ಒಬ್ಬಾಕೆ ತನ್ನ ಗಂಡನ ಕಿವಿಯಲ್ಲಿ ಏನೋ ಹೇಳಿದಳು, ಅವನು ತಲೆ ತಗ್ಗಿಸಿದ. ಎಂಜಿನಿಯರ್ ಪರದೆಯ ಮೇಲಿದ್ದ ಸೀಟಿನ ಚಿತ್ರ ಮುಚ್ಚಲು ಬಟನ್ ಹುಡುಕಿದ, ಸಿಗಲಿಲ್ಲ.

ಮ್ಯೂಸಿಯಂ ಹೆಂಗಸು ನನ್ನನ್ನೂ ಬಿಡಲಿಲ್ಲ. ಇದು ನಿಮಗೆ ಯಾವಾಗ ಗೊತ್ತಾಯಿತು ಅಂತ ಕೇಳಿದಳು. ಹದಿನೇಳು ದಿನದ ಹಿಂದೆ ಅಂದೆ. ಹದಿನೇಳು ದಿನ ಇದನ್ನು ಮುಚ್ಚಿಟ್ಟುಕೊಂಡಿದ್ದಿರಾ, ನಡುವೆ ಏನಾದರೂ ಆಗಿದ್ದರೆ, ಅಂದಳು. ಕಸದ ಪೆಟ್ಟಿಗೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ. ಮಾಲೀಕ ಕಣ್ಣು ಮುಚ್ಚಿಕೊಂಡ. ಅವಳ ಮುಖ ಕೆಂಪಾಯಿತು. ಕೆಲಸಗಾರರು ಹೀಗೆ ಮಾಡಬಾರದು, ಮೊದಲು ನನಗೆ ತಿಳಿಸಬೇಕಿತ್ತು, ಅಂದಳು. ಅವಳು ಹೇಳಿದ್ದು ನ್ಯಾಯ. ತಪ್ಪಾಯಿತು ಅಂತ ಮಾತ್ರ ನಾನು ಹೇಳಲಿಲ್ಲ, ಯಾಕೆಂದರೆ ನನಗೆ ಹಾಗೆ ಅನ್ನಿಸಿರಲಿಲ್ಲ. ಹಲಗೆಯನ್ನು ತನ್ನ ಕಡೆ ಎಳೆದುಕೊಂಡು ಅವಳು, ಇದನ್ನು ಇದೇ ನಾರು, ಇದೇ ಮೊಳೆ ಹಾಕಿ ಮತ್ತೆ ಕಟ್ಟಲು ಬರುತ್ತದೆಯಾ ಅಂತ ಕೇಳಿದಳು. ಬರುತ್ತದೆ, ಚರ್ಮದ ಮೇಜು ಬೇಕು, ಅಂದೆ. ಅವಳು ಮಾಲೀಕನ ಕಡೆ ತಿರುಗಿದಳು. ಅವನು ತಲೆಯಾಡಿಸಿದ.

ಊಟದ ಹೊತ್ತಿಗೆ ಎಂಜಿನಿಯರ್ ನನ್ನ ಹತ್ತಿರ ಬಂದ. ಕೈಯಲ್ಲಿ ತಟ್ಟೆ ಇರಲಿಲ್ಲ.

"ಸಮಾಧಾನ ಆಯ್ತಾ ಅಮ್ಮ?"

"ಇನ್ನೂ ಇಲ್ಲ. ನಮ್ ಮಾಲೀಕನಿಗೆ ಒಂದು ಈಮೇಲ್ ಹಾಕಿದ್ರಲ್ಲ, ಅದನ್ನ ವಾಪಸ್ ತಗೊಳ್ಳಿ. ಈಗ್ಲೇ. ಇಲ್ಲೇ."

ಅವನು ಸುತ್ತ ನೋಡಿದ. ಕ್ಯಾಂಟನ್‌ನವರು ಪಕ್ಕದ ಮೇಜಿನಲ್ಲೇ ಇದ್ದರು. ಫೋನ್ ತೆಗೆದು ಟೈಪ್ ಮಾಡಿದ. ಮಗಳು ಓದಿ ಹೇಳಿದಳು: ಆ ಸೀಟಿನ ವಿಷಯದಲ್ಲಿ ಸ್ವಲ್ಪ ಅಪಾರ್ಥವಾಗಿತ್ತು ಅಂತ ಬರೆದಿದ್ದ.

"ಅಪಾರ್ಥ ತೆಗೀರಿ," ಅಂದೆ. "ಪ್ಲಾಸ್ಟಿಕ್ ಹಾಕ್ಸಿದ್ದು ನಾನು, ಆಕೆ ಬೇಡ ಅಂದ್ರು, ಅಂತ ಬರೀರಿ."

ಬರೆದ. ಕಳಿಸಿದ. ಅತ್ತ ಕಡೆ ಮಾಲೀಕನ ಜೇಬಿನಲ್ಲಿ ಫೋನ್ ಗುಂಯ್ ಅಂದದ್ದು ಕೇಳಿಸಿತು. ಎಂಜಿನಿಯರ್ ದೊಡ್ಡ ಮನಸ್ಸು ಮಾಡುವವನ ಹಾಗೆ ಒಂದು ಉಸಿರು ಬಿಟ್ಟ.

"ಆಯ್ತಮ್ಮ, ಮುಗೀತು. ಎರಡನೇ ಮುದ್ರಣದಲ್ಲಿ ಈ ಸೀಟಿನ ವಿಷಯ ಸೇರಿಸ್ತೀನಿ. ನಿಮ್ ಹೆಸ್ರೂ ಹಾಕ್ತೀನಿ."

"ನನ್ ಹೆಸ್ರು ಬೇಡ," ಅಂದೆ. "ಎಸೀರಿ ಅಂತ ಬರ್ಕೊಟ್ರಲ್ಲ, ಆ ಹಾಳೆ ಹಾಕಿ. ಸಹಿ ಸಮೇತ."

ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಅವನು ನಗಲು ಶುರುಮಾಡಿದ. ನಾನು ನಗಲಿಲ್ಲ. ಅವನು ನಗು ನಿಲ್ಲಿಸುವವರೆಗೂ ಅವನ ಮುಖವನ್ನೇ ನೋಡುತ್ತಾ ನಿಂತಿದ್ದೆ.